ಹಿಂದಿನಿಂದ ಹೇಳಿ

ಆಂಕರೇಜ್. ಮೂರನೇ ಮಹಡಿ.
ಕಿಟಕಿಗೆ ಬೆನ್ನು ಮಾಡಿಸಿ ಕೂರಿಸಿದರು ನನ್ನನ್ನು,
ಹೊರಗೆ ಕೆರೆಯಿಂದ ವಿಮಾನಗಳು ಏಳುತ್ತವೆಂದು.
ಕಿವಿಗೆ ಬೆನ್ನು ಮಾಡಿಸುವುದು ಹೇಗೆ?
ಸದ್ದಿನಲ್ಲೇ ಗೊತ್ತಾಯಿತು: ಬೀವರ್, ಮುದಿಯದು,
ಒಂದು ಸಿಲಿಂಡರು ಕೆಮ್ಮುತ್ತಿದೆ.

'ಏಳು, ಎರಡು, ಒಂಬತ್ತು, ನಾಲ್ಕು, ಒಂದು.
ಹಿಂದಿನಿಂದ ಹೇಳಿ, ಮಿಸ್ ವಸೀಲಿ.'
ಹೇಳಿದೆ.
ಇಪ್ಪತ್ತೆರಡು ವರ್ಷ ಕುಸ್ಕೋಕ್ವಿಮ್ ನದಿಗುಂಟ ಹಾರಿದವಳಿಗೆ
ಹೋದ ದಾರಿಯಲ್ಲೇ ಮರಳುವುದು ಹೊಸದಲ್ಲ.
ಮುಂದೆ ಮಂಜು ಕವಿದರೆ ರೆಕ್ಕೆ ವಾಲಿಸಿ
ಬಂದ ತಿರುವುಗಳನ್ನೇ ಒಂದೊಂದಾಗಿ ಬಿಚ್ಚುತ್ತಾ ಬರಬೇಕು,
ತಪ್ಪಿ ಹೆಣೆದ ಬಲೆಯ ಹಾಗೆ.

ಆಮೇಲೆ ಚುಕ್ಕಿ ಸೇರಿಸುವುದು. ಒಂದರಿಂದ ಎ, ಅಲ್ಲಿಂದ ಎರಡು, ಅಲ್ಲಿಂದ ಬಿ.
ಆಮೇಲೆ ಸಣ್ಣ ಮೊಳೆಗಳು, ಸಣ್ಣ ತೂತುಗಳು.
ಎಡಗೈ ತಡವರಿಸಿತು.
ಹಿಂದೊಮ್ಮೆ ಮುರಿದ ಹೆಬ್ಬೆರಳು, ಮಿದುಳಿನದಲ್ಲ ತಪ್ಪು, ಎಂದೆ.
ಡಾಕ್ಟರ್ ಥೋರ್ಬರ್ನ್ ಬರೆದುಕೊಂಡರು. ಏನು ಬರೆದರೋ.

ಇಷ್ಟಕ್ಕೆಲ್ಲ ಕಾರಣ ಒಂದು ಗುಳಿಗೆ,
ಮೀನಿನ ಮೊಟ್ಟೆಗಿಂತ ಕೊಂಚ ದೊಡ್ಡದು.
ತಮ್ಮ ಮಕಾರಿ ಹೋದ ಮೇಲೆ ನಿದ್ದೆಯೂ ಹೋಗಿ
ಆರು ತಿಂಗಳು ನುಂಗಿದ್ದೆ.
ಅರ್ಜಿಯಲ್ಲಿ ಒಂದು ಚೌಕ ಇತ್ತು. ಹೌದು ಎಂದು ಗೀಟೆಳೆದೆ.
'ಹನ್ನೊಂದು ವರ್ಷದಿಂದ ಆ ಚೌಕ ನನ್ನ ಕಣ್ಣಿಗೇ ಬಿದ್ದಿಲ್ಲ'
ಎಂದು ಹ್ಯಾಂಗರಿನಲ್ಲಿ ನಕ್ಕಿದ್ದ ಎಲಿಯಾಸ್.
ಅವನು ಇವತ್ತು ಹಾರುತ್ತಿದ್ದಾನೆ.
ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ;
ಸಂಬಳವೂ ಇಲ್ಲ.

ಊಟದ ಬಿಡುವಿನಲ್ಲಿ ಡಾಕ್ಟರು ಅರ್ಧ ಸ್ಯಾಂಡ್‌ವಿಚ್ ಕೊಟ್ಟರು.
'ನನ್ನ ಮಗಳು ಬೆತೆಲ್‌ನಲ್ಲಿ ಟೀಚರು,
ನಿಮ್ಮಂಥವರ ವಿಮಾನದಲ್ಲೇ ಓಡಾಡುತ್ತಾಳೆ.'
ಅಷ್ಟೇ ಅಂದದ್ದು.
ಅದೂ ಸರಿಯೇ. ಹಿಂದಿನ ಸೀಟಿನಲ್ಲಿ ಕೂತರೆ
ಮುಂದಿನ ತಲೆಯೊಳಗೆ ಏನು ನಡೆದಿದೆಯೆಂದು
ನಾನೂ ಕೇಳುತ್ತಿದ್ದೆ.

ಮತ್ತೆ ಒಳಗೆ.
'ಆಗ ಓದಿದ ಹದಿನೈದು ಪದ. ನೆನಪಿದ್ದಷ್ಟು ಹೇಳಿ.'
ಕೊಡಲಿ, ಗುಂಡಿ, ಹಂಸ, ಸಾಸಿವೆ, ಕಿಟಕಿ...
ಹದಿನಾಲ್ಕರವರೆಗೆ ಸಲೀಸು.
ಹದಿನೈದನೆಯದಕ್ಕೆ ಬಾಯಿ ತೆರೆದರೆ
ತಾನಾಗಿ ಬಂತು: 'ಮಂಜುಗಡ್ಡೆ.'

ಪೆನ್ಸಿಲ್ ನಿಂತಿತು.
'ಅದು ಪಟ್ಟಿಯಲ್ಲಿ ಇರಲಿಲ್ಲ.'

ಇರಲಿಲ್ಲ. ಏಪ್ರಿಲ್ ತಿಂಗಳ ನದಿ,
ಅವನ ಸ್ನೋಮಶೀನು ದೀಪ ಉರಿಸಿಕೊಂಡೇ ಕೆಳಗಿಳಿಯಿತಂತೆ,
ನೀಲಿಯೊಳಗೆ ಸ್ವಲ್ಪ ಹೊತ್ತು ಕಾಣುತ್ತಿತ್ತಂತೆ.
ಮೂರು ದಿನ ಹುಡುಕಿ ಹಾರಿದವಳು ನಾನೇ,
ಇನ್ನೂರಡಿ ಎತ್ತರದಲ್ಲಿ,
ಒಂದು ಕಣ್ಣು ವೇಗದ ಮುಳ್ಳಿನ ಮೇಲೆ,
ಒಂದು ಕಣ್ಣು ಬಿರುಕುಗಳ ಮೇಲೆ.
ಕೈ ನಡುಗಲಿಲ್ಲ.
ಆ ಪರೀಕ್ಷೆಗೆ ಯಾರೂ ಅಂಕ ಹಾಕಲಿಲ್ಲ.

'ಇಲ್ಲದ ಪದ: ಒಂದು' ಎಂದು ಬರೆದರು.
ನನ್ನ ವಯಸ್ಸಿನ, ನನ್ನ ಕಸುಬಿನ ನೂರಾರು ಜನರ ಸಾಲಿನಲ್ಲಿ
ನಿಲ್ಲಿಸಿ ಅಳೆಯುತ್ತಾರಂತೆ ನನ್ನನ್ನು.
ಅವರಿಗೆಲ್ಲ ತಮ್ಮಂದಿರು ಇದ್ದರೇ,
ಕೇಳಲಿಲ್ಲ.

ಫಲಿತಾಂಶ ಇವತ್ತಿಲ್ಲ. ಕಾಗದ ಓಕ್ಲಹೋಮಾಕ್ಕೆ ಹೋಗಿ ಬರಬೇಕು,
ತಿಂಗಳೋ, ಮೂರೋ.
ಲಿಫ್ಟು ಬಿಟ್ಟು ಮೆಟ್ಟಿಲಿಳಿದೆ.
ಕೆರೆಯ ದಡಕ್ಕೆ ಬಂದಿತ್ತು ಆ ಕೆಮ್ಮುವ ಬೀವರ್.
ಎಂಜಿನ್ನಿನ ಹೊದಿಕೆ ತೆಗೆದು
ಎಣ್ಣೆಗೈ ಹುಡುಗನೊಬ್ಬ ಇಣುಕುತ್ತಿದ್ದ.
'ಆರನೇ ಸಿಲಿಂಡರು ನೋಡು' ಎಂದೆ.
ಹೊರಳಿ ಕೇಳಿದ ಮೇಲಿನಿಂದ:
'ನೀವು ಪೈಲಟ್ಟಾ?'

'ಏಣಿ' ಎಂದೆ.

ಅವನು ಬಗ್ಗಿ
ಏಣಿಯ ಕಾಲು ನೋಡಿಕೊಂಡ.