ಒಂದು ಹೋಳು

ಅಕ್ರೋಟಿನಷ್ಟಿರುತ್ತದೆ ಅಂದರು ಲಿಯಾನಿನ ಡಾಕ್ಟರು,
ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ.
ಆಂತೆಲ್ಮ್ ನನ್ನ ಮುಖ ನೋಡಿದ, ನಾನು ಅವನ ಕೈ ನೋಡಿದೆ:
ಹಸಿ ಸಿಪ್ಪೆಯ ಕರೆ ಹತ್ತಿದ ಬೆರಳು,
ಕ್ರಿಸ್‌ಮಸ್ಸಿನ ತನಕ ಯಾವ ಸೋಪಿಗೂ ಬಗ್ಗದ್ದು.
ಯಾವ ಜಾತಿಯದು, ಅಂತ ಕೇಳಿಯೇಬಿಟ್ಟ,
ಫ್ರಾಂಕೆಟ್ಟೋ, ಮಾಯೆಟ್ಟೋ?
ಡಾಕ್ಟರು ನಗಲಿಲ್ಲ. ಪಟ್ಟಣದವರು.

ಪರದೆಯ ಮೇಲೆ ಬೂದಿಬಣ್ಣದ ತಿರುಳು.
ಎಡಹೋಳಿನ ಅಂಚಿನಲ್ಲಿ
ಮಸೂರ ಬೇಳೆಯಷ್ಟು ಕಪ್ಪು.
"ಇದಿಷ್ಟನ್ನೇ ಸುಡೋಣ. ಮಿಕ್ಕದ್ದು ಇದ್ದಲ್ಲೇ ಇರಲಿ."
ಚಾಕು ಇಲ್ಲ, ಹೊಲಿಗೆ ಇಲ್ಲ.
ಕಿವಿಗೆ ಕೇಳದ ಸದ್ದು,
ಭೂತಗನ್ನಡಿಯಲ್ಲಿ ಬಿಸಿಲು ಕೂಡುವ ಹಾಗೆ
ಒಂದೇ ಚುಕ್ಕಿಗೆ ಕೂಡಿ ಸುಡುತ್ತದಂತೆ;
ಗೋಧಿಕಾಳಿನಾಚೆಗೆ ಬಿಸಿ ತಾಗದಂತೆ.

ಹೊಳೆಯಾಚೆಯ ನಮ್ಮ ಭಾವ ಲೆಯೋನ್ಸ್‌ಗೆ
ಆ ಕಾಲದಲ್ಲಿ ಇಡೀ ಕಾಯನ್ನೇ ಕಿತ್ತರು.
ಬದುಕಿದ, ಹನ್ನೊಂದು ವರ್ಷ,
ಮದುವೆಮನೆಯಲ್ಲಿ ಬಾಗಿಲ ಹತ್ತಿರದ ಕುರ್ಚಿ ಹುಡುಕುತ್ತ,
ಬೇಸಿಗೆಯಲ್ಲೂ ಕಪ್ಪು ಪ್ಯಾಂಟು ತೊಡುತ್ತ.
ಹೆಂಡತಿ ಬೇರೆ ಕೋಣೆಯಲ್ಲಿ. ಯಾರೂ ಕೇಳಲಿಲ್ಲ,
ಇಬ್ಬರೂ ಹೇಳಲಿಲ್ಲ.

ಆದರೂ ನನಗೆ ಅನುಮಾನವಿತ್ತು, ಸುಳ್ಳೇಕೆ.
ನಲವತ್ತು ಚಳಿಗಾಲ ರಾತ್ರಿ ಮೇಜಿನ ಸುತ್ತ ಕೂತು
ಮರದ ಸುತ್ತಿಗೆಯಲ್ಲಿ ಅಕ್ರೋಟು ಒಡೆದವಳು.
ಟಕ್ ಅಂದರೆ ಗಟ್ಟಿ, ಟೊಕ್ ಅಂದರೆ ಜೊಳ್ಳು.
ಒಂದು ಹೋಳು ಕೆಟ್ಟರೆ ಇನ್ನೊಂದನ್ನು
ನಾವೇನೂ ಎಸೆಯುವುದಿಲ್ಲ,
ಆದರೆ ನಾಲಿಗೆಗಿಟ್ಟು ನೋಡುತ್ತೇವೆ.
ಇದನ್ನು ನಾಲಿಗೆಗಿಡುವುದು ಹೇಗೆ?
"ಮೂರು ತಿಂಗಳಿಗೊಮ್ಮೆ ರಕ್ತ ನೋಡುತ್ತೇವೆ,
ವರ್ಷಕ್ಕೆ ಮತ್ತೆ ಸೂಜಿ.
ತಿರುಗಿ ಬಂದರೂ ಬರಬಹುದು."
ಆ ಕೊನೆಯ ಮಾತಿಗೇ ನಾನು ಅವರನ್ನು ನಂಬಿದ್ದು.

ಬೆಳಿಗ್ಗೆ ಒಳಗೆ ಹೋದ, ಮರುದಿನ ಮನೆಗೆ ಬಂದ,
ತೊಡೆಗೆ ಚೀಲ ಕಟ್ಟಿಸಿಕೊಂಡು
ಲಾಳ ಹೊಡೆಸಿಕೊಂಡ ಕುದುರೆಯ ಹಾಗೆ ಸಿಡುಕುತ್ತ.
ಏಳನೆಯ ದಿನ ನರ್ಸು ಕೊಳವೆ ಎಳೆದಳು.

ಆ ರಾತ್ರಿ ಎರಡು ಗಂಟೆಗೆ ಹಾಸಿಗೆಯ ಆ ಮಗ್ಗುಲು ತಣ್ಣಗೆ.
ಬಚ್ಚಲಲ್ಲಿ ದೀಪವಿಲ್ಲ. ಕಿಟಕಿ ತೆಗೆದೆ.
ಕಾಯಿ ಒಣಗಿಸುವ ಅಟ್ಟದ ಹಿಂದೆ, ಮುದಿ ಮಾಯೆಟ್ ಮರದ ಬುಡದಲ್ಲಿ
ಕಾಲಗಲಿಸಿ ನಿಂತಿದ್ದಾನೆ, ಹಳೇ ಸ್ವೆಟರಿನಲ್ಲಿ.
ತಡವಾಯಿತು. ನಾಯಿಯೂ ಕಾಯಿತು.
ಆಮೇಲೆ ಒಣಗಿದೆಲೆಯ ಮೇಲೆ
ಮೊದಲು ಹನಿ, ನಿಂತಿತು, ಮತ್ತೆ
ಸದ್ದು.
ಉಸಿರು ಬಿಗಿಹಿಡಿದು ಕೇಳಿದೆ,
ಸುತ್ತಿಗೆ ಹಿಡಿದವಳ ಕಿವಿಯಲ್ಲಿ.
ಗಟ್ಟಿ ಅನ್ನಲಾರೆ. ಜೊಳ್ಳಂತೂ ಅಲ್ಲ.

ಕಿಟಕಿ ಮುಚ್ಚಿ, ಅವನ ಜಾಗಕ್ಕೆ ಬಿಸಿನೀರಿನ ಬಾಟಲಿ ಸರಿಸಿ
ನಿದ್ದೆಯವಳಂತೆ ಮಲಗಿದೆ.