ಪರದೆ

ದುರ್ಗಿಗುಡಿಯ ಅಂಗಡಿಯಲ್ಲಿ ಎರಡು ಟಿವಿ, ಒಂದೇ ಹುಲಿ.
"ಇದಕ್ಕೆ ಬೆನ್ನ ಹಿಂದೆ ದೀಪ ಅಕ್ಕಾ, ಹಗಲಿಗೂ ಜಗ್ಗಲ್ಲ.
ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಹೊತ್ತಿ ತಾನೇ ಆರುತ್ತೆ,"
ಎಂದ ಅಫ್ರೋಜ್, ಅಂಗಡಿಯ ಲೈಟು ಆರಿಸಿ.

ಒಂದರ ಇರುಳು ಬೂದಿ ಬಣ್ಣ.
ಇನ್ನೊಂದರಲ್ಲಿ ಹುಲಿ ಮರೆಯಾದಾಗ
ಟಿವಿಯೇ ಇರಲಿಲ್ಲ.

ದಿನವಿಡೀ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ನೋಡುವ ತಿಪ್ಪೇಶ
"ನಂಗೆ ಈ ಕಪ್ಪೇ ಸಾಕು" ಅಂದ.

ಇವ ರಾತ್ರಿಯೆಲ್ಲ ಕಾರು ಓಡಿಸಿದರೆ? ಕೇಳಿದೆ.
"ವರ್ಷಗಟ್ಟಲೆ ಆಡಿದರೆ, ಮೂಲೆಯ ಸ್ಕೋರು
ಅಲ್ಲೇ ಅಚ್ಚಾದರೂ ಆಗಬಹುದು."
ಅಂದರೆ ನನ್ನ ಸಿನಿಮಾದ ಆಕಾಶದಲ್ಲಿ
ಚಂದ್ರನ ಪಕ್ಕ ಇವನ ನಾಲ್ಕನೇ ಲ್ಯಾಪು.

ಮನೆಗೆ ಬಂದು ಟೇಪು ಹಿಡಿದೆ.
ಗೋಡೆಯಲ್ಲಿ ಹಳೆ ಟಿವಿ ಇದ್ದಷ್ಟು ಜಾಗ ಮಾತ್ರ
ಮದುವೆಯ ವರ್ಷ ಬಳಿದ ಹಸಿರು.
ಎದುರಿಗೆ ಪಡುವಣ ಕಿಟಕಿ, ನನ್ನ ಹೊಲಿಗೆ ಮಿಷನ್ನು,
ಸಂಜೆ ಆರರವರೆಗೂ ಬಿಸಿಲು.

ಟಿವಿ ಇನ್ನೂ ಕೊಂಡಿಲ್ಲ.
ಗಾಂಧಿ ಬಜಾರಿನಿಂದ ದಪ್ಪ ಬಟ್ಟೆ ತಂದೆ,
ಕಡುನೀಲಿ, ನಾಲ್ಕು ಮೀಟರು.
ಮೊದಲು ಪರದೆಗೊಂದು ಪರದೆ.
ಕೊಕ್ಕೆ ಹೊಡೆಯಲು ತಿಪ್ಪೇಶ ಬರಬೇಕು,
ಈ ವಾರ ಸೆಕೆಂಡ್ ಶಿಫ್ಟು.