ಮೂರೆಣಿಸುವಷ್ಟು

ರುಸ್ತಾವಿಯಲ್ಲಿ ಬೆಳಗಿನ ಐದೂವರೆ, ಮೂಗು ಕೊರೆಯುವ ಚಳಿ.
ಹಿಂದಿನ ಸೀಟು ಮಡಚಿ ನೂರಿಪ್ಪತ್ತು ಬಿಸಿ ಶೋತಿ ಪೇರಿಸಿದ್ದೇನೆ,
ಒಂದೊಂದೂ ಪುಟ್ಟ ದೋಣಿ. ಗಾಜೆಲ್ಲ ಮಬ್ಬು.
ಜಪಾನಿನಿಂದ ಹಡಗಿನಲ್ಲಿ ಬಂದ ಹಳೇ ಗಾಡಿ, ಸ್ಟಿಯರಿಂಗು ಊರಿಗೆಲ್ಲ ಉಲ್ಟಾ.
ಕೀಲಿ ತಿರುವಿದರೆ ಒಬ್ಬ ಹೆಂಗಸು ಅವಳ ಭಾಷೆಯಲ್ಲಿ ಏನೋ ಹೇಳುತ್ತಾಳೆ.
ಏಳು ವರ್ಷದಿಂದ ಹೇಳುತ್ತಿದ್ದಾಳೆ,
ನಾನೂ ಹೂಂಗುಟ್ಟುತ್ತೇನೆ.

ಗೇರನ್ನು 'ಡಿ'ಗೆ ಎಳೆದೆ.
ಒಂದು.
ಎಂಜಿನ್ನು ಗುರುಗುಡುತ್ತಿದೆ, ಚಕ್ರಕ್ಕೆ ಸುದ್ದಿ ಮುಟ್ಟಿಲ್ಲ.
ಎರಡು.
ಮೂರು, ಅನ್ನುವಷ್ಟರಲ್ಲಿ
ಯಾರೋ ಕತ್ತು ಹಿಡಿದು ದಬ್ಬಿದ ಹಾಗೆ ಧಡಕ್ಕನೆ ಮುಂದಕ್ಕೆ;
ಮೇಲಿನ ಸಾಲಿನ ಶೋತಿ ನನ್ನ ಹೆಗಲ ಮೇಲೆ.

ಗೇರ್‌ಬಾಕ್ಸ್ ಸತ್ತಿದೆ, ಮಾರಿಬಿಡು, ಅಂದ ಎದುರುಮನೆಯ ಟ್ಯಾಕ್ಸಿಯವನು.
ಹೊಸದೇ ಹಾಕಬೇಕು, ಅಂದ ಸಂತೆಯ ಜುಂಬೆರ್,
ಬಾನೆಟ್ ಎತ್ತದೆಯೇ ರೇಟೂ ಹೇಳಿದ.

ಓತಿಯಾ ಏನೂ ಹೇಳಲಿಲ್ಲ.
ಹೇಳಹೊರಟರೂ ಅವನಿಗೆ ಹೊತ್ತು ಹಿಡಿಯುತ್ತದೆ:
ಮೊದಲಕ್ಷರ ತುಟಿಯಲ್ಲಿ ಸಿಕ್ಕಿಬೀಳುತ್ತದೆ, ರೆಪ್ಪೆ ನಡುಗುತ್ತದೆ,
ಆಮೇಲೆ ಇಡೀ ವಾಕ್ಯ ಒಂದೇ ನೂಕಿಗೆ.
ಅಷ್ಟರಲ್ಲಿ ಗಿರಾಕಿಗಳೇ ಮುಗಿಸಿಕೊಟ್ಟಿರುತ್ತಾರೆ,
ಹೆಚ್ಚಾಗಿ ತಪ್ಪು ತಪ್ಪಾಗಿ.

ಕಡ್ಡಿ ಎಳೆದ, ಒರೆಸಿದ, ಮತ್ತೆ ಅದ್ದಿದ.
ಶೋತಿ ಸುತ್ತುವ ಕಾಗದದ ಮೇಲೆ ಎಣ್ಣೆಯ ಒಂದು ಹನಿ.
ದಾಳಿಂಬೆ ಹಿಂಡಿ ಒಂದು ದಿನ ಬಿಟ್ಟ ಬಣ್ಣ.
ಮೂಸಿದ: ಸುಟ್ಟ ವಾಸನೆಯಿಲ್ಲ.
ಒತ್ತಡದ ಮಾಪಕ ಸಿಕ್ಕಿಸಿದ: ಮುಳ್ಳು ಎದ್ದು ನಿಂತಿತು, ಅಲುಗಲಿಲ್ಲ.
ಡಿ, ಆರ್, ಡಿ, ಚಿಟಿಕೆ ಹೊಡೆದಷ್ಟು ಸಲೀಸು.
ವೈದ್ಯರ ಮನೆ ಹೊಸಿಲಲ್ಲಿ ಜ್ವರ ಬಿಟ್ಟ ಮಗುವಿನ ತಾಯಿಯಂತೆ
ಪೆಚ್ಚಾಗಿ ನಿಂತೆ.
"ರಾ... ರಾತ್ರಿ ಇಲ್ಲೇ ಇರಲಿ."

ಬೆಳಿಗ್ಗೆ, ಕೀಲಿ ಮುಟ್ಟುವ ಮೊದಲೇ, ಕಡ್ಡಿ ಎಳೆದು ತೋರಿಸಿದ.
ತಣ್ಣಗಿನ ಎಣ್ಣೆ, ನಿನ್ನೆಗಿಂತ ಎರಡು ಬೆರಳು ಮೇಲೆ!
ರಾತ್ರಿಯಿಡೀ ಮೇಲಿನದೆಲ್ಲ ಸೋರಿ ತಳದ ತಟ್ಟೆಗೆ ಇಳಿದಿದೆ.
ಒಳಗೊಂದು ಪುಟ್ಟ ತೂಬು, ಅದರ ಸ್ಪ್ರಿಂಗು ಸೋತಿದೆ.
ಪಂಪು ಮತ್ತೆ ತುಂಬಿಸಬೇಕು, ಬರಿದಾದ ದಾರಿಯುದ್ದಕ್ಕೂ.
ಅದಕ್ಕೇ ಮೂರೆಣಿಕೆ.

"ಎರಡಕ್ಕೆ ನೀನು ಏನು ಮಾಡ್ತೀಯ?"
ಈ ಪ್ರಶ್ನೆ ಮಾತ್ರ ಎಲ್ಲೂ ಸಿಕ್ಕಿಬೀಳಲಿಲ್ಲ.
ಆಕ್ಸಿಲೇಟರ್ ಒತ್ತುತ್ತೇನೆ, ಅಂದೆ, ನೆಲ ನೋಡುತ್ತ.
ಎರಡು ಅಂಗೈ ಸೇರಿಸಿ ಗಸಗಸ ಉಜ್ಜಿ ನನ್ನ ಕೆನ್ನೆಗಿಟ್ಟ.
ಬಿಸಿ.
ಒಳಗಿನ ಬಿಲ್ಲೆಗಳು ಸವೆಯುವುದು ಹೀಗೆ.

"ಇನ್ಮೇಲೆ, ಎಣ್ಣೆ ಬ... ಬ..."
ಬರೋ ತನಕ ಕಾಲೆತ್ತು: ನನ್ನ ನಾಲಗೆಯ ತುದಿಯಲ್ಲಿತ್ತು.
ಕೊಡಲಿಲ್ಲ.
ಹೊರಗೆ ಟ್ರಾಲಿಯೊಂದು ಹೋಯಿತು, ನಾಯಿ ಎದ್ದು ಜಾಗ ಬದಲಿಸಿತು.
"ಬ... ಬ್ರೆಡ್ಡು ಎಣಿಸು."

ತೂಬಿನ ಬಿಡಿಭಾಗ ಗುಜರಿಯಿಂದ ಶನಿವಾರ ಬರಬೇಕು.
ಅಲ್ಲಿಯವರೆಗೆ ಹೀಗೇ:
ಆ ಹೆಂಗಸು ಹೇಳುವುದನ್ನು ಹೇಳುತ್ತಾಳೆ, ನಾನು 'ಡಿ'ಗೆ ಎಳೆಯುತ್ತೇನೆ,
ಕಾಲು ಹಿಂದಕ್ಕೆ,
ಒಂದು ಶೋತಿ,
ಎರಡು